ಸಿಟ್ಟು ಯಾವ ಖಾತೆಗೆ?

ಆಲೂರು ತಾಲ್ಲೂಕಿನ ಕೆ. ಹೊಸಕೋಟೆ ಕಡೆಯ ಕಾಫಿ ಬೆಳೆಗಾರರೊಬ್ಬರ ಕೈಗೆ ವ್ಯಕ್ತಿತ್ವದ ಪ್ರಶ್ನಾವಳಿ ಕೊಟ್ಟೆವು ಎನ್ನಿ. ‘ನನಗೆ ಆಗಾಗ ಆತಂಕವಾಗುತ್ತದೆ’ ಎಂಬಲ್ಲಿ ಅವರು ‘ಹೌದು’ ಎಂದು ಗುರುತು ಹಾಕುತ್ತಾರೆ. ಕಾಡಾನೆ ಹಿಂಡು ತೋಟದೊಳಗೇ ಬೀಡುಬಿಟ್ಟಿರುವಾಗ ಇನ್ನೇನು ಹೇಳಿಯಾರು? ಆದರೆ ಪ್ರಶ್ನಾವಳಿಗೆ ಆನೆ ಕಾಣದು. ಆ ಉತ್ತರವನ್ನು ಅದು ಅವರ ಸ್ವಭಾವದ ಖಾತೆಗೇ ಜಮಾ ಮಾಡುತ್ತದೆ.

ಸ್ವಭಾವ ಎಂಬುದು ಕಣ್ಣಿಗೆ ಕಾಣುವ ವಸ್ತುವಲ್ಲ. ಇಂಥ ಸಂದರ್ಭ ಬಂದರೆ ಈ ಮನುಷ್ಯ ಹೀಗೆ ನಡೆದುಕೊಂಡಾನು ಎಂಬ ಒಲವು. ಅದನ್ನು ಉತ್ತರಗಳಿಂದ ಊಹಿಸಬೇಕಷ್ಟೆ. ಪ್ರಶ್ನಾವಳಿಯ ಅಂಕ ನೋಡಿ ಒಂದು ನಿರ್ದಿಷ್ಟ ಸಂದರ್ಭದ ನಡವಳಿಕೆಯನ್ನು ಹೇಳುವುದು ಕಷ್ಟ ಎಂದು ಮನೋವಿಜ್ಞಾನಿ ವಾಲ್ಟರ್ ಮಿಶೆಲ್ 1968ರಲ್ಲೇ ತಕರಾರು ತೆಗೆದಿದ್ದರು.

ಊಹೆಯ ಚೌಕಟ್ಟೂ ಎಲ್ಲರದೂ ಒಂದೇ ಅಲ್ಲ. ಐಸೆಂಕ್ ದಂಪತಿಯ 1975ರ ಪ್ರಶ್ನಾವಳಿಗೆ ಮೂಲಗುಣಗಳು ಮೂರು. ಕೋಸ್ಟಾ ಮತ್ತು ಮೆಕ್ರೇ 1992ರಲ್ಲಿ ಪರಿಷ್ಕರಿಸಿದ, 240 ಹೇಳಿಕೆಗಳ ‘ನಿಯೋ’ ಪ್ರಶ್ನಾವಳಿಗೆ ಐದು. ಆ್ಯಶ್ಟನ್ ಮತ್ತು ಲೀ ಅವರ ‘ಹೆಕ್ಸಾಕೊ’ಗೆ ಆರು; ಪ್ರಾಮಾಣಿಕತೆ ಮತ್ತು ವಿನಯವನ್ನು ಕೂಡಿಸಿ ಅದು ಪ್ರತ್ಯೇಕ ಗುಣವಾಗಿ ಎಣಿಸುತ್ತದೆ. ಸಿಟ್ಟನ್ನೇ ನೋಡಿ. ‘ನಿಯೋ’ದಲ್ಲಿ ಅದು ಆತಂಕ, ಖಿನ್ನತೆಗಳ ಜೊತೆ ಮನಸ್ಸಿನ ಅಸ್ಥಿರತೆಯ ಕೆಳಗೆ ಬರುತ್ತದೆ. ‘ಹೆಕ್ಸಾಕೊ’ದಲ್ಲಿ ಅದೇ ಸಿಟ್ಟು ತಾಳ್ಮೆಯ ಎದುರುತುದಿ, ಇತರರೊಡನೆ ಹೊಂದಿಕೊಳ್ಳುವ ಗುಣದಲ್ಲಿ ಕೊರತೆ. ಮುಂಗೋಪಿಯೊಬ್ಬ ಒಂದು ಕಡೆ ಅಸ್ಥಿರನಾದರೆ, ಇನ್ನೊಂದು ಕಡೆ ಹೊಂದಿಕೊಳ್ಳದವನು. ಎರಡರಲ್ಲೂ ‘ಹೊಂದಾಣಿಕೆ’ ಎಂಬ ಹೆಸರಿದ್ದರೂ ಅಂಕಗಳನ್ನು ಹಾಗೇ ಪಕ್ಕಪಕ್ಕ ಇಟ್ಟು ಹೋಲಿಸಲಾಗದು.

ನಮ್ಮಲ್ಲೇ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ರೂಪುಗೊಂಡ ‘ಮೈಸೂರು ತ್ರಿಗುಣ ಮಾಪಕ’ ಸತ್ತ್ವ, ರಜಸ್ಸು, ತಮಸ್ಸುಗಳನ್ನು ಅಳೆಯುತ್ತದೆ. ಇಲ್ಲಿ ವ್ಯತ್ಯಾಸ ಎಣಿಕೆಯದಷ್ಟೇ ಅಲ್ಲ. ಮೇಲಿನ ಪ್ರಶ್ನಾವಳಿಗಳು ಅಳೆಯುವ ಬಹಿರ್ಮುಖತೆ ಕಡಿಮೆ ಎಂದರೆ ಯಾರೂ ಕೆಟ್ಟವರಾಗುವುದಿಲ್ಲ. ಸತ್ತ್ವ ಕಡಿಮೆ ಎಂದರೆ ಮಾತ್ರ ಅಲ್ಲೊಂದು ತೀರ್ಪು ಇದೆ. ಗುಣಗಳಲ್ಲಿ ಮೇಲು-ಕೀಳಿದೆ, ಏರುವ ದಾರಿಯಿದೆ. ಗೀತೆಯ ಹದಿನಾಲ್ಕನೆಯ ಅಧ್ಯಾಯವಂತೂ ಮೂರನ್ನೂ ದಾಟಿದ ಗುಣಾತೀತನ ಮಾತಾಡುತ್ತದೆ. ಒಂದು ಪ್ರಶ್ನಾವಳಿ ‘ನೀನು ಹೇಗಿದ್ದೀಯ’ ಎಂದು ಕೇಳಿದರೆ, ಇನ್ನೊಂದರ ಬೆನ್ನಿಗೆ ‘ಹೇಗಿರಬೇಕು’ ಎಂಬ ದರ್ಶನವಿದೆ.

ಹಾಗಾಗಿ ಪ್ರತಿ ಪ್ರಶ್ನಾವಳಿಯೂ ಮನುಷ್ಯನ ಬಗೆಗಿನ ಒಂದು ಸಿದ್ಧಾಂತ. ಎರಡನ್ನು ಹೋಲಿಸುವವರು ಗುಣಗಳ ಹೆಸರು, ಒಟ್ಟು ಅಂಕ ನೋಡಿದರೆ ಸಾಲದು. ಒಳಗಿನ ಒಂದೊಂದು ಹೇಳಿಕೆಯನ್ನೂ ಓದಿ, ಅದು ಯಾವ ಗುಣಕ್ಕೆ ಸಾಕ್ಷಿ, ಏಕೆ ಎಂದು ಕೇಳಬೇಕು. ಆ ಪ್ರಶ್ನೆಗೆ ಉತ್ತರ ಸಂಖ್ಯಾಶಾಸ್ತ್ರವೊಂದರಿಂದಲೇ ಸಿಗುವಂಥದ್ದಲ್ಲ.