ದುಡಿಮೆಯೂ ಮನಸ್ಸಿನ ಭಾರವೂ

ದುಡಿಯುವವನ ಕೈ ಮುರಿದರೆ ಅದಕ್ಕೆ ಚಿಕಿತ್ಸೆ ಮಾಡಿಸುವದು ದಣಿಯ ಕರ್ತವ್ಯವೆಂದು ಎಲ್ಲರೂ ಒಪ್ಪುವರು. ಆದರೆ ಅದೇ ದುಡಿಮೆಯಿಂದ ಅವನ ಮನಸ್ಸು ಮುರಿದರೆ ಅದರ ಹೊಣೆ ಯಾರದು? ಇದನ್ನು ನಾವು ಸ್ವಲ್ಪ ವಿಚಾರಿಸೋಣ.

ಭಟ್ಕಳದ ಮಗ್ಗುಲಲ್ಲಿರುವ ಜಾಲಿಯ ಕಡಲ ತೀರದವರಿಗೆ ಮೀನುಗಾರರ ಕಷ್ಟವನ್ನು ವಿವರಿಸಬೇಕಾಗಿಲ್ಲ. ಆಳಸಮುದ್ರಕ್ಕೆ ಹೋಗುವ ಬೋಟು ಹತ್ತು ದಿನ ದಡ ಕಾಣದಿರುವದುಂಟು. ಹಗಲಿರುಳು ಬಲೆ ಎಳೆಯುವವರಿಗೆ ನಿದ್ರೆಯು ತುಂಡುತುಂಡಾಗಿ ಸಿಕ್ಕುವದು. ಮೀನು ಬಿದ್ದರೆ ಪಾಲು, ಬೀಳದಿದ್ದರೆ ಸಾಲ. ಜೂನ್ 1ರಿಂದ ಜುಲೈ 31ರ ವರೆಗೆ ಯಂತ್ರದ ಬೋಟುಗಳಿಗೆ ನಿಷೇಧವಿರುವದರಿಂದ ಆ 61 ದಿನ ಸಂಪಾದನೆಯೇ ಇಲ್ಲ.

2018ನೇ ಡಿಸೆಂಬರ್ ತಿಂಗಳಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಎಂಬ ಬೋಟು ಏಳು ಮಂದಿಯೊಡನೆ ಕಾಣದೆ ಹೋಯಿತು. ಅವರಲ್ಲಿ ಐವರು ನಮ್ಮ ಉತ್ತರ ಕನ್ನಡದವರು. ಮಹಾರಾಷ್ಟ್ರದ ಮಾಲ್ವಣದ ಕಡೆ ಸಮುದ್ರದ ತಳದಲ್ಲಿ ಅದರ ಅವಶೇಷವು ಸಿಕ್ಕಿತೆಂಬ ಸುದ್ದಿ 2019ನೇ ಮೇ ತಿಂಗಳಲ್ಲಿ ಬಂತು. ಅಷ್ಟು ಕಾಲ ಆ ಮನೆಗಳವರು ಅಳಲೂ ಆರದೆ, ನಂಬಲೂ ಆರದೆ ಇದ್ದರು. ಉಳಿದ ಬೋಟುಗಳವರಾದರೋ ಹೊಟ್ಟೆಪಾಡಿಗಾಗಿ ಅದೇ ಕಡಲಿಗೆ ಮತ್ತೆ ಇಳಿಯಬೇಕಾಯಿತು. ಅವರ ಎದೆಯ ನಡುಕವನ್ನು ಯಾವ ಲೆಕ್ಕದ ಪುಸ್ತಕದಲ್ಲಿ ಬರೆಯುವದು?

ಇಂಥವನನ್ನು ಕಂಡಾಗ, “ಇವನ ಮನಸ್ಸು ದುರ್ಬಲ, ನಂಬಿಕೆ ಸಾಲದು” ಎನ್ನುವವರು ನಮ್ಮಲ್ಲಿ ಅನೇಕರು. ನಾವೂ ಒಮ್ಮೆ ಒಬ್ಬ ಬೋಟಿನ ಆಳಿಗೆ, “ಧೈರ್ಯದಿಂದಿರು, ಪ್ರಾರ್ಥಿಸು” ಎಂದು ಹೇಳಿ ಕಳುಹಿಸಿದೆವು. ಎಷ್ಟು ರಾತ್ರಿಗಳಿಂದ ನಿದ್ರಿಸಿಲ್ಲವೆಂದು ಕೇಳಲಿಲ್ಲ. ಬುದ್ಧಿವಾದವು ಸುಳ್ಳಾಗಿರಲಿಲ್ಲ, ಆದರೆ ಅದು ಎರಡನೆಯದಾಗಿ ಬರಬೇಕಾಗಿತ್ತು. ಎಲೀಯನು ಬೇಸತ್ತು ಸಾವನ್ನು ಬೇಡಿದಾಗ ದೇವರು ಮೊದಲು ಅವನನ್ನು ಗದರಿಸಲಿಲ್ಲ. ನಿದ್ರೆಯನ್ನೂ ರೊಟ್ಟಿಯನ್ನೂ ನೀರನ್ನೂ ಕೊಟ್ಟನು.

ಹಾಗಾದರೆ ಎಲ್ಲಾ ತಪ್ಪು ದಣಿಯದೋ? ಅಲ್ಲ. ಬಿರುಗಾಳಿಯು ಯಾರ ಅಪ್ಪಣೆಯನ್ನೂ ಕೇಳುವದಿಲ್ಲ. ಕೆಲವು ಮನೋರೋಗಗಳು ದುಡಿಮೆಯ ಕಾರಣವಿಲ್ಲದೆಯೂ ಬರುತ್ತವೆ. ಆದರೆ ತಡೆಯಬಹುದಾದ ಭಾರವನ್ನು ತಡೆಯದಿರುವದು ತಪ್ಪೇ. ಮೋಶೆಯು ಬೆಳಗಿನಿಂದ ಸಂಜೆಯ ವರೆಗೆ ಒಬ್ಬನೇ ನ್ಯಾಯ ತೀರಿಸುತ್ತಿದ್ದಾಗ ಅವನ ಮಾವನಾದ ಇತ್ರೋ ಅವನ ಬಲಹೀನತೆಯನ್ನು ದೂರಲಿಲ್ಲ, ಕೆಲಸವನ್ನೇ ಹಂಚಿಸಿದನು. ವಿಶ್ವ ಆರೋಗ್ಯ ಸಂಸ್ಥೆಯವರು 2022ರಲ್ಲಿ ಕೊಟ್ಟ ಸಲಹೆಯೂ ಇದಕ್ಕೆ ದೂರವಲ್ಲ: ಕೆಲಸದ ಹೊರೆಯನ್ನೂ ವೇಳೆಯನ್ನೂ ಸರಿಪಡಿಸಿರಿ, ಮೇಲಿನವರಿಗೆ ತರಬೇತು ಕೊಡಿರಿ, ನೊಂದವನಿಗೆ ಆಸರೆಯಾಗಿರಿ. ಖಿನ್ನತೆ ಮತ್ತು ಆತಂಕಗಳಿಂದ ಲೋಕದಲ್ಲಿ ವರುಷಕ್ಕೆ ಸುಮಾರು 1200 ಕೋಟಿ ಕೆಲಸದ ದಿನಗಳು ನಷ್ಟವಾಗುತ್ತವೆಂದು ಅವರ ಲೆಕ್ಕ.

ಆದಕಾರಣ ಬೋಟಿನ ಯಜಮಾನನೂ ತಾಂಡೇಲನೂ ನಿದ್ರೆಗೆ ಸರದಿ ಗೊತ್ತುಮಾಡಲಿ. ಪಾಲಿನ ಲೆಕ್ಕವನ್ನು ಮರೆಯಿಲ್ಲದೆ ತೋರಿಸಲಿ. ಹತ್ತು ಜನರೆದುರಿಗೆ ಯಾರನ್ನೂ ಹೀನಾಯವಾಗಿ ಬೈಯದಿರಲಿ. ಅಪಘಾತ ಕಂಡವನನ್ನು ಮರುದಿನವೇ ಕಡಲಿಗೆ ಅಟ್ಟದಿರಲಿ. ದುಡಿಯುವವನು ತನ್ನ ಸಂಕಟವನ್ನು ನಾಚದೆ ಹೇಳಲಿ. ಮನೋವೈದ್ಯರ ಬಳಿಗೆ ಹೋಗುವದು ಅವಮಾನವಲ್ಲ. 2017ರ ಕಾನೂನು ಅಂಥ ಚಿಕಿತ್ಸೆಯನ್ನು ಪ್ರತಿಯೊಬ್ಬನ ಹಕ್ಕೆಂದು ಹೇಳುತ್ತದೆ. 2022ರಿಂದ ಸರಕಾರದವರು ನಡಿಸುವ ಟೆಲಿ-ಮಾನಸ್‌ಗೆ 14416 ಎಂಬ ಸಂಖ್ಯೆಯಲ್ಲಿ ಹಗಲಿರುಳು ಉಚಿತವಾಗಿ ಮಾತಾಡಬಹುದು.

ಇನ್ನು ಸಭೆಯವರಾದ ನಾವು? ಕಡಲಿನಿಂದ ಬಂದ ಸಹೋದರನನ್ನು ಎಷ್ಟು ಮೀನು ಬಿತ್ತೆಂದು ಕೇಳುವ ಮೊದಲು, ನಿದ್ರೆ ಬಂತೋ ಎಂದು ಕೇಳುವವರಾಗಿರೋಣ.