ಹಂಬಲಕ್ಕೆ ಅಳತೆಗೋಲು

ಪರೀಕ್ಷೆಯ ಫಲಿತಾಂಶ ಬರುವ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಕೇಳಿಬರುವ ಮಾತು ಒಂದೇ: ‘ಹುಡುಗನಿಗೆ ಬುದ್ಧಿಯಿದೆ, ಹಂಬಲ ಸಾಲದು.’ ಹಂಬಲವನ್ನು ಅಳೆಯುವ ವಿದ್ಯೆಯೂ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲೆಂಡ್ ಮತ್ತು ಸಂಗಡಿಗರು 1950ರ ದಶಕದಲ್ಲಿ ಚಿತ್ರಗಳನ್ನು ತೋರಿಸಿ ಕಥೆ ಬರೆಯಿಸಿ, ಅದರಲ್ಲಿ ಸಾಧನೆಯ ತವಕ ಎಷ್ಟು ಇಣುಕುತ್ತದೆಂದು ಅಂಕ ಹಾಕುತ್ತಿದ್ದರು. ಪ್ರಶ್ನಾವಳಿಗಳು ಆಮೇಲೆ ಬಂದವು. 2004ರಲ್ಲಿ ರಾಬಿನ್ಸ್ ಮತ್ತು ಸಹೋದ್ಯೋಗಿಗಳು 109 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಇಂಥ ಸಾಧನಾಕಾಂಕ್ಷೆಗೂ ಕಾಲೇಜಿನ ಅಂಕಗಳಿಗೂ ಕಂಡ ಸಹಸಂಬಂಧ ಸುಮಾರು 0.30. ಎಂದರೆ, ಅಂಕಗಳಲ್ಲಿರುವ ಏರುಪೇರಿನಲ್ಲಿ ನೂರಕ್ಕೆ ಒಂಬತ್ತು ಪಾಲಿನಷ್ಟು ಇದಕ್ಕೆ ಸೇರಿದ್ದು. ತಳ್ಳಿಹಾಕುವಂಥದ್ದಲ್ಲ, ನಿಜ. ಆದರೆ ಒಬ್ಬ ಹುಡುಗನ ಜಾತಕ ಬರೆಯಲು ಇದು ಸಾಕೆ?

ನಮಗೆ ಮುಂಬಯಿಯ ಕನ್ನಡ ರಾತ್ರಿಶಾಲೆಗಳು ನೆನಪಾಗುತ್ತವೆ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯೂ ನಮ್ಮವರ ಇತರ ಸಂಸ್ಥೆಗಳೂ ಅವನ್ನು ನಡೆಸಿದವು. ದಕ್ಷಿಣ ಕನ್ನಡದಿಂದ ಬಂದ ಹುಡುಗರು ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ಮೇಜು ಒರಸಿ, ಸಂಜೆ ಅಲ್ಲಿಗೆ ಓಡುತ್ತಿದ್ದರು. ಅಲ್ಲಿ ಕಲಿತು ಮೇಲೆ ಬಂದವರ ಕಥೆಯನ್ನು ವಾರ್ಷಿಕೋತ್ಸವಗಳಲ್ಲಿ ಕೇಳಿ ಚಪ್ಪಾಳೆ ತಟ್ಟಿದ್ದೇವೆ. ಅದೇ ಬೆಂಚಿನಲ್ಲಿ ತೂಕಡಿಸುತ್ತ ಕುಳಿತು, ನಪಾಸಾಗಿ, ಮತ್ತೆ ಹೋಟೆಲಿಗೇ ಮರಳಿದವನಿಗೆ ಯಾರು ಹಾರ ಹಾಕಿದರು? ಅವನಿಗೆ ಹಂಬಲ ಕಡಿಮೆಯಿತ್ತೆ? ಹಂಬಲವಿಲ್ಲದಿದ್ದರೆ ಅಷ್ಟು ದುಡಿದ ಮೇಲೂ ಶಾಲೆಯ ಮೆಟ್ಟಿಲು ಹತ್ತುತ್ತಿದ್ದನೆ? ಯಜಮಾನರು ಸಂಜೆ ಬಿಡುತ್ತಿದ್ದರೆ, ಊರಿಗೆ ಎಷ್ಟು ಮನಿಯಾರ್ಡರು ಹೋಗಬೇಕಿತ್ತು, ಮಲಗಲು ಎಷ್ಟು ಹೊತ್ತು ಸಿಗುತ್ತಿತ್ತು ಎಂಬುದು ಅವನ ಅಂಕಪಟ್ಟಿಯಲ್ಲಿ ಬರಲಿಲ್ಲ.

ಬಡವನೆಂದರೆ ಜನ ಮರುಕಪಡುತ್ತಾರೆ. ಹಂಬಲವಿಲ್ಲದವನೆಂದರೆ ತಪ್ಪು ಅವನದೇ ಆಗಿಬಿಡುತ್ತದೆ. ಅಳತೆಗಿಂತ ಈ ತೀರ್ಪಿಗೇ ನಾವು ಅಂಜಬೇಕು. ಮೇಲೆ ಹೇಳಿದ ಪರಿಶೀಲನೆಯಲ್ಲಿಯೇ ‘ಓದು ನನ್ನಿಂದಾದೀತು’ ಎಂಬ ನಂಬಿಕೆಗೂ ಅಂಕಗಳಿಗೂ ಇರುವ ನಂಟು ಇನ್ನೂ ಗಟ್ಟಿ, ಸುಮಾರು 0.50. ಹಿಂದೆ ಒಳ್ಳೆಯ ಅಂಕ ಬಂದವರಿಗೆ ಆ ನಂಬಿಕೆ ಸುಲಭವಾಗಿ ಬರುತ್ತದೆನ್ನಿ. ಆದರೂ ಅದು ಹುಟ್ಟಿನಿಂದ ಬಂದದ್ದಲ್ಲ, ಬೇರೆಯವರೂ ಕೊಡಬಹುದಾದದ್ದು.

ನಾವು ಕೊಡುತ್ತಿದ್ದೇವೆಯೆ? ಡೊಂಬಿವಲಿಯಿಂದ ಲೋಕಲಿನಲ್ಲಿ ನಿಂತುಕೊಂಡೇ ಕಾಲೇಜಿಗೆ ಹೋಗಿ ಬರುವ ಮಗಳು ರಾತ್ರಿ ಪುಸ್ತಕದ ಮೇಲೆ ತಲೆಯಿಟ್ಟು ನಿದ್ದೆಹೋದರೆ, ‘ನಿಮ್ಮಜ್ಜ ಹೋಟೆಲಿನಲ್ಲಿ ದುಡಿದು ಓದಿದವರು’ ಎಂದು ಅವಳನ್ನು ಎಬ್ಬಿಸುತ್ತೇವೆ. ಅಜ್ಜನೂ ಬೆಂಚಿನ ಮೇಲೆ ಹಾಗೆಯೇ ನಿದ್ದೆಹೋಗುತ್ತಿದ್ದರೆಂಬುದನ್ನು ಅವಳಿಗೆ ಹೇಳಿಲ್ಲ.