ಇಂದಿನ ಧಮ್ಮ ಚಿಂತನೆ: ಮುಳುಗಿಸುವ ಮುನ್ನ ತೊಳೆಯಬೇಕು





ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹರಿಹರಕ್ಕೆ ಬಂದಿದ್ದ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಡೈವಿಂಗ್ ಮಾಡಿ ಬಂದವನು. ಅವನು ಅಂದ: "ಸರ್, ನೀರೊಳಗೆ ನಮ್ಮ ಗಾಳಿ ಮುಗಿದ್ರೆ ಜೊತೆಗಿರೋರು ತಮ್ಮ ಸಿಲಿಂಡರಿನ ಇನ್ನೊಂದು ಪೈಪನ್ನ ನಮ್ಮ ಬಾಯಿಗೆ ಕೊಡ್ತಾರೆ. ಅಲ್ಲಿ ನೀನು ಯಾರು ಅಂತ ಯಾರೂ ಕೇಳಲ್ಲ."

ಮಾತಿಗೆ ಮಾತು ಬಂದು 'ಐಎನ್‌ಎಸ್ ಗುಲ್ದಾರ್' ಹಡಗಿನ ವಿಷಯ ಹೇಳಿದ. ಟ್ಯಾಂಕು, ಸೈನಿಕರನ್ನು ದಡಕ್ಕೆ ಇಳಿಸಲು ಕಟ್ಟಿದ ಯುದ್ಧನೌಕೆ ಅದು. 1985ರಲ್ಲಿ ನೌಕಾಪಡೆಗೆ ಸೇರಿ 2024ರ ಜನವರಿಯಲ್ಲಿ ನಿವೃತ್ತಿಯಾಯಿತು. 2025ರ ಫೆಬ್ರವರಿಯಲ್ಲಿ ನಮ್ಮ ಕಾರವಾರದಲ್ಲೇ ಅದನ್ನು ಮಹಾರಾಷ್ಟ್ರ ಪ್ರವಾಸೋದ್ಯಮ ಅಭಿವೃದ್ಧಿ ನಿಗಮಕ್ಕೆ ಹಸ್ತಾಂತರಿಸಿದರು. ಸಿಂಧುದುರ್ಗದ ಕಡಲಲ್ಲಿ ಅದನ್ನು ಮುಳುಗಿಸಿ, ಮೀನುಗಳಿಗೆ ಮನೆಯಾಗುವ ಕೃತಕ ಬಂಡೆ ಮಾಡುವುದು, ಜನ ಕೆಳಗಿಳಿದು ನೋಡುವಂತೆ ಮಾಡುವುದು ಯೋಜನೆ.

ಬರೀ ಮರಳಿನ ತಳದಲ್ಲಿ ಎಷ್ಟೋ ಜೀವಿಗಳಿಗೆ ಅಂಟಿಕೊಳ್ಳಲು ಗಟ್ಟಿ ನೆಲೆ ಸಿಗುವುದಿಲ್ಲ. ಹಡಗು ಇಳಿದರೆ ಮೊದಲು ಪಾಚಿ ಕಟ್ಟುತ್ತದೆ. ಚಿಪ್ಪಿನ ಜೀವಿಗಳು ಅಂಟುತ್ತವೆ. ಮರಿಮೀನುಗಳು ಅಡಗಲು ಬರುತ್ತವೆ, ಅವನ್ನು ಹುಡುಕಿಕೊಂಡು ದೊಡ್ಡ ಮೀನುಗಳು ಬರುತ್ತವೆ. ಆದರೆ ಒಂದು ನಿಯಮವಿದೆ. ಮುಳುಗಿಸುವ ಮುನ್ನ ಹಡಗಿನ ಎಣ್ಣೆ, ವಿಷದ ವಸ್ತುಗಳನ್ನೆಲ್ಲ ತೆಗೆದು ತೊಳೆಯಬೇಕು. ಇಲ್ಲದಿದ್ದರೆ ಮನೆಯಾಗಬೇಕಾದದ್ದೇ ವಿಷದ ಗುಂಡಿಯಾಗುತ್ತದೆ.

ಅಮೆರಿಕದ ಫ್ಲಾರಿಡಾದಲ್ಲಿ 1970ರ ದಶಕದಲ್ಲಿ ಸುಮಾರು 20 ಲಕ್ಷ ಹಳೆಯ ಟೈರುಗಳನ್ನು ಕಂತೆ ಕಟ್ಟಿ ಕಡಲಿಗೆ ಇಳಿಸಿದರು. ಉದ್ದೇಶ ಒಳ್ಳೆಯದೇ. ಆದರೆ ಕಂತೆಗಳ ಕಟ್ಟು ತುಕ್ಕು ಹಿಡಿದು ಬಿಚ್ಚಿಕೊಂಡಿತು. ಟೈರುಗಳ ಮೇಲೆ ಹವಳ ಬೆಳೆಯಲಿಲ್ಲ. ಅಲೆಗೆ ಸಿಕ್ಕ ಟೈರುಗಳು ಪಕ್ಕದಲ್ಲಿದ್ದ ನಿಜವಾದ ಹವಳಕ್ಕೇ ಹೊಡೆದು ಹಾಳು ಮಾಡಿದವು. ಕೆಲವು ದಡಕ್ಕೂ ಬಂದು ಬಿದ್ದವು.

ಬಂಧುಗಳೇ, ತಥಾಗತರು ಧಮ್ಮವನ್ನು ಮಹಾಸಮುದ್ರಕ್ಕೆ ಹೋಲಿಸಿ ಎಂಟು ಗುಣಗಳನ್ನು ಹೇಳಿದ್ದು ಅಂಗುತ್ತರ ನಿಕಾಯದಲ್ಲಿದೆ. ಅದರಲ್ಲಿ ಒಂದು: ನದಿಗಳು ಸಮುದ್ರ ಸೇರಿದ ಮೇಲೆ ಹೆಸರು ಕಳೆದುಕೊಳ್ಳುತ್ತವೆ, ಹಾಗೆಯೇ ಸಂಘ ಸೇರಿದವರಿಗೆ ಹಿಂದಿನ ಕುಲದ ಹೆಸರಿಲ್ಲ. ಇನ್ನೊಂದು: ಸಮುದ್ರ ಹೆಣವನ್ನು ಒಳಗಿಟ್ಟುಕೊಳ್ಳುವುದಿಲ್ಲ, ದಡಕ್ಕೆ ತಳ್ಳುತ್ತದೆ. ಮೊದಲನೆಯದನ್ನು ನಾವು ಪದೇ ಪದೇ ಹೇಳುತ್ತೇವೆ. ಎರಡನೆಯದನ್ನು ಮರೆಯುತ್ತೇವೆ.

ನನ್ನ ತಪ್ಪನ್ನೇ ಹೇಳುತ್ತೇನೆ. ಮೊನ್ನೆ ಅಕ್ಕನ ಮಗಳಿಗೆ ಗಂಡು ನೋಡಲು ಹೋಗಿದ್ದೆವು. ಅವರೂ ದೀಕ್ಷೆ ಪಡೆದವರೇ. ಗೋಡೆಯ ಮೇಲೆ ಬುದ್ಧರು, ಬಾಬಾಸಾಹೇಬರ ಫೋಟೊ. ಆದರೂ ನಾನು ಮಧ್ಯಸ್ಥರನ್ನು ಪಕ್ಕಕ್ಕೆ ಕರೆದು "ಇವರು ಎಡಗೈಯೋ, ಬಲಗೈಯೋ?" ಎಂದು ಕೇಳಿದೆ. ಮಾತು ಹುಡುಗನ ಮನೆಯವರ ಕಿವಿಗೂ ಬಿತ್ತು. ಅವರು ಮತ್ತೆ ಫೋನ್ ಮಾಡಲಿಲ್ಲ. ಮನೆಗೆ ಬಂದ ಮೇಲೆ ಹುಡುಗಿ ಕೇಳಿದಳು: "ಮಾಮ, ಭಾನುವಾರ ನಮಗೆಲ್ಲ ಪ್ರತಿಜ್ಞೆ ಹೇಳಿಸೋರು ನೀವೇ ಅಲ್ವಾ?"

ನನ್ನಲ್ಲಿ ಉತ್ತರವಿರಲಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು 22 ಪ್ರತಿಜ್ಞೆಗಳನ್ನು ಕೊಟ್ಟದ್ದು ಈ ತೊಳೆಯುವ ಕೆಲಸಕ್ಕೇ. ನಾನು ಹೆಸರು ಬದಲಿಸಿಕೊಂಡೆ, ಒಳಗಿನ ಎಣ್ಣೆ ಹಾಗೇ ಇಟ್ಟುಕೊಂಡೆ. ಮೇಲಿನವರು ನಮಗೆ ಮಾಡಿದ್ದನ್ನೇ ನಾನು ನಮ್ಮವರಿಗೆ ಮಾಡಿದೆ. ಸಮತೆಯ ಹೆಸರಲ್ಲಿ ಇಳಿದು ಪಕ್ಕದವರಿಗೇ ಹೊಡೆಯುವ ಟೈರಾದೆ.

ತುಂಗೆ, ಭದ್ರೆ ಕೂಡ್ಲಿಯಲ್ಲಿ ಸೇರಿ ನಮ್ಮೂರಿಗೆ ಬರುತ್ತವೆ. ಹರಿಹರದ ಸೇತುವೆ ಮೇಲೆ ನಿಂತು ಇದು ತುಂಗೆಯ ನೀರು, ಇದು ಭದ್ರೆಯ ನೀರು ಎಂದು ಯಾರಾದರೂ ಬೇರೆ ಮಾಡಿ ತೋರಿಸಲಿ ನೋಡೋಣ.

ಈ ಭಾನುವಾರ ವಂದನೆ ಮುಗಿಸಿ ಆ ಮನೆಗೆ ಹೋಗಿ ಕ್ಷಮೆ ಕೇಳಿ ಬರುತ್ತೇನೆ. ಸಂಬಂಧ ಕೂಡುವುದು, ಬಿಡುವುದು ಮಕ್ಕಳಿಗೆ ಬಿಟ್ಟದ್ದು.

ಇಂದಿನ ಅಭ್ಯಾಸ: ಐದು ನಿಮಿಷ ಉಸಿರನ್ನು ಗಮನಿಸುತ್ತಾ ಕೂರೋಣ. ನನ್ನೊಳಗೆ ಇನ್ನೂ ತೊಳೆಯದೆ ಉಳಿದದ್ದು ಏನು ಎಂದು ಕೇಳಿಕೊಳ್ಳೋಣ. ಅದರಿಂದ ನೊಂದವರು ಒಬ್ಬರಾದರೂ ನೆನಪಾದರೆ ಇಂದೇ ಫೋನ್ ಮಾಡೋಣ.

ಭವತು ಸಬ್ಬ ಮಂಗಲಂ.
ಜೈ ಭೀಮ್. ನಮೋ ಬುದ್ಧಾಯ.